ಸಿವಿಲೈಸೇಶನ್ 6ಕ್ಕೆ ನಮ್ಮ ಕೊಡಗನ್ನು ಸೇರಿಸುವುದು ಹೇಗೆ: ಸೊನ್ನೆಯಿಂದ ಒಂದು ಮಾಡ್

ಸಿವಿಲೈಸೇಶನ್ 6 ಅಂದರೆ ಒಂದು ನಾಡನ್ನು ಆರಿಸಿ, ಸರದಿಯ ಮೇಲೆ ಸರದಿ ಬೆಳೆಸುತ್ತಾ ಹೋಗುವ ಕಂಪ್ಯೂಟರ್ ಆಟ. ಅದನ್ನು ಆಡುವವರಿಗೆ ಒಂದು ಸಲವಾದರೂ ಅನಿಸಿರುತ್ತದೆ. ಭಾರತ ಅಂತ ಒತ್ತಿದರೆ ಗಾಂಧಿ ಬರುತ್ತಾರೆ, ಇಲ್ಲಾಂದ್ರೆ ಚಂದ್ರಗುಪ್ತ. ನಮ್ಮ ಕಡೆಯವರು ಯಾರೂ ಇಲ್ಲ. ಹೋದ ಮಳೆಗಾಲದಲ್ಲಿ ನಾಪೋಕ್ಲು ಕಡೆಯ ಮನೆಯಲ್ಲಿ ಕೂತು, ದಿನಕ್ಕೆ ನಾಲ್ಕು ಸಲ ಹೋಗಿ ಬರುವ ಕರೆಂಟಿನ ನಡುವೆ, ನಾನು ಕೊಡಗನ್ನೇ ಒಂದು ನಾಗರಿಕತೆಯಾಗಿ ಆಟಕ್ಕೆ ಹಾಕಿದೆ. ಹೀಗೆ ಆಡುವವರೇ ಆಟಕ್ಕೆ ಸೇರಿಸುವುದಕ್ಕೆ ಮಾಡ್ ಅನ್ನುತ್ತಾರೆ. ಎರಡು ವಾರದ ಕೆಲಸ ಅಂದುಕೊಂಡಿದ್ದೆ, ಎರಡೂವರೆ ತಿಂಗಳಾಯಿತು. ನಿಮಗೆ ಅಷ್ಟು ಬೇಕಾಗಲ್ಲ, ಯಾಕಂದ್ರೆ ನಾನು ಬಿದ್ದ ಗುಂಡಿಗಳನ್ನೆಲ್ಲ ಇಲ್ಲಿ ಹೇಳುತ್ತೇನೆ.

ಒಂದು ಮಾತು ಮೊದಲೇ. ಟೇಬಲ್ (ಆಟದ ಮಾಹಿತಿಯನ್ನು ಸಾಲು, ಕಾಲಮ್‌ಗಳಲ್ಲಿ ಇಡುವ ಪಟ್ಟಿ), ಫೈಲುಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಫೈಲಿನಲ್ಲಿ ಅವು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು, ಆಟದ ಮೂಲ ಫೈಲಿನಲ್ಲಿ ಹೇಗಿದೆಯೋ ಹಾಗೇ.

ಕಂಪ್ಯೂಟರ್ ಮುಟ್ಟುವ ಮುಂಚೆ: ಒಂದು ಹಾಳೆ, ಒಂದು ವಾಕ್ಯ

ಜಾಸ್ತಿ ಮಾಡ್‌ಗಳು ಕೆಡುವುದು ಇಲ್ಲೇ. ನಮ್ಮೂರು ಅಂದ ತಕ್ಷಣ ಎಲ್ಲವನ್ನೂ ತುರುಕಬೇಕು ಅನಿಸುತ್ತದೆ. ನನ್ನ ಮೊದಲ ಪಟ್ಟಿಯಲ್ಲಿ ಕಾಫಿ, ಕಾವೇರಿ, ಹಾಕಿ, ಪುತ್ತರಿ, ದೇವರಕಾಡು, ಐನ್‌ಮನೆ, ಒಡಿಕತ್ತಿ, ಕಿತ್ತಳೆ, ಜೇನು ಎಲ್ಲ ಇತ್ತು. ಅಜ್ಜನಿಗೆ ತೋರಿಸಿದೆ. "ಇದೇನು ರಾಜ್ಯವಾ, ದಸರಾ ಸ್ತಬ್ಧಚಿತ್ರವಾ?" ಅಂದರು. ಬೇಜಾರಾಯಿತು, ಆದರೆ ಅವರು ಹೇಳಿದ್ದು ಸರಿ.

ಹಾಗಾಗಿ ಮೊದಲು ಒಂದೇ ವಾಕ್ಯ ಬರೆಯಿರಿ. ನಿಮ್ಮ ನಾಡು ಹೇಗೆ ಗೆಲ್ಲುತ್ತಿತ್ತು, ಹೇಗೆ ಸೋಲುತ್ತಿತ್ತು? ನನ್ನದು ಹೀಗೆ: "ಕೊಡಗು ತನ್ನ ಗುಡ್ಡದಲ್ಲಿ ಗೆಲ್ಲುತ್ತದೆ, ಬಯಲಿಗೆ ಇಳಿದರೆ ಸಾಮಾನ್ಯ." ಈ ವಾಕ್ಯಕ್ಕೆ ಹೊಂದದ್ದೆಲ್ಲ ಹೊರಗೆ. ಹಾಕಿ ಹೋಯಿತು. ಕಾಫಿ ಕೂಡ ಹೋಯಿತು, ಇದಕ್ಕೆ ಗೆಳೆಯರು ಜಗಳವಾಡಿದರು. ಆದರೆ ನೋಡಿ, ನಾನು ತೆಗೆದುಕೊಂಡಿದ್ದು ಕೊಡಗನ್ನಾಳಿದ ಹಾಲೇರಿ ಅರಸರ ಕಾಲ. ಆ ಆಳ್ವಿಕೆ 1834ರಲ್ಲಿ ಮುಗಿಯಿತು. ದೊಡ್ಡ ದೊಡ್ಡ ಕಾಫಿ ಎಸ್ಟೇಟುಗಳು ಎದ್ದಿದ್ದು ಅದಾದ ಮೇಲೆ, 1850ರ ದಶಕದಿಂದ. ರಾಜರ ಕೈಗೆ ಕಾಫಿ ಎಸ್ಟೇಟು ಕೊಟ್ಟರೆ ಅದು ಪ್ರವಾಸಿ ಕೊಡಗು, ರಾಜರ ಕೊಡಗಲ್ಲ.

ಹೆಸರಿನ ವಿಷಯವೂ ಇಲ್ಲೇ ತೀರ್ಮಾನವಾಗಲಿ. ನಾಗರಿಕತೆಗೆ "ಕೊಡವ" ಅಂತ ಇಡಬೇಕಾ, "ಕೊಡಗು" ಅಂತ ಇಡಬೇಕಾ? ನಾನು ಕೊಡಗು ಅಂದೆ. ಅರಸರು ಲಿಂಗಾಯತರು, ಸೈನ್ಯದಲ್ಲಿ ಕೊಡವರೂ ಇದ್ದರು, ಅರೆಭಾಷೆ ಗೌಡರೂ ಇದ್ದರು, ಕಾಡಿನ ದಾರಿ ಗೊತ್ತಿದ್ದವರು ಕುರುಬರು, ಯರವರು. ಒಂದು ಸಮುದಾಯದ ಹೆಸರಿಟ್ಟರೆ ಉಳಿದವರನ್ನು ಅಳಿಸಿದ ಹಾಗಾಗುತ್ತದೆ.

ನಾಯಕ ಯಾರು

ನಾನು ಆರಿಸಿಕೊಂಡಿದ್ದು ಹಾಲೇರಿ ಅರಸ ದೊಡ್ಡ ವೀರರಾಜೇಂದ್ರ. ಕಾರಣ ಸುಲಭ, ಅವನ ಬದುಕೇ ಆಟದ ಹಾಗಿದೆ. ಟಿಪ್ಪುವಿನ ಸೆರೆಯಲ್ಲಿ ಪಿರಿಯಾಪಟ್ಟಣದಲ್ಲಿದ್ದ, 1788ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಬಂದು ನಾಡನ್ನು ಮತ್ತೆ ಹಿಡಿದ. 1790ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡ. 1792ರಲ್ಲಿ ವಿರಾಜಪೇಟೆ ಕಟ್ಟಿಸಿದ, ಅವನದೇ ಹೆಸರು. ಕಕ್ಕಬೆಯ ನಾಲ್ಕುನಾಡು ಅರಮನೆಯೂ ಅವನದೇ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಕಾಡಿನ ನಡುವೆ. ಹೋಗಿಲ್ಲದಿದ್ದರೆ ಒಮ್ಮೆ ಹೋಗಿ ಬನ್ನಿ. ಇವನ ಯುದ್ಧದ ಲೆಕ್ಕಾಚಾರ ಏನು ಅಂತ ಆ ಜಾಗ ನೋಡಿದರೇ ಗೊತ್ತಾಗುತ್ತದೆ.

ಸೆರೆಯಿಂದ ತಪ್ಪಿಸಿಕೊಂಡ ಕಥೆಯನ್ನೇ ನಾಯಕನ ಗುಣ ಮಾಡಬೇಕು ಅಂತ ಆಸೆಯಿತ್ತು. ರಾಜಧಾನಿ ಬಿದ್ದರೆ ಹತ್ತಿರದ ಕಾಡಿನಲ್ಲಿ ಒಂದಷ್ಟು ಸೈನಿಕರು ಹುಟ್ಟಬೇಕು, ಹಾಗೆ. ಇದಕ್ಕೆ ಲುವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಸ್ಕ್ರಿಪ್ಟ್ ಬೇಕು, ಬರೀ ಟೇಬಲುಗಳಿಂದ ಆಗಲ್ಲ. ಒಂದು ವಾರ ಒದ್ದಾಡಿ ಬಿಟ್ಟೆ. ಮೊದಲ ಮಾಡ್‌ಗೆ ಲುವಾ ಮುಟ್ಟಬೇಡಿ. "ಸ್ವಂತ ಗಡಿಯೊಳಗೆ ಸೈನಿಕರು ಬೇಗ ಚೇತರಿಸಿಕೊಳ್ಳುತ್ತಾರೆ" ಅನ್ನುವುದನ್ನು ನಾಯಕನ ಗುಣ ಮಾಡಿದೆ. ಸಪ್ಪೆ, ಆದರೆ ಕೆಲಸ ಮಾಡುತ್ತದೆ.

ಇತಿಹಾಸವನ್ನು ಆಟದ ನಿಯಮ ಮಾಡುವುದು

ಒಂದು ನಾಗರಿಕತೆಗೆ ಸಾಮಾನ್ಯವಾಗಿ ನಾಲ್ಕು ಬೇಕು: ನಾಡಿನ ಗುಣ, ನಾಯಕನ ಗುಣ, ವಿಶೇಷ ಸೈನಿಕ, ವಿಶೇಷ ಕಟ್ಟಡ ಅಥವಾ ಸುಧಾರಣೆ (ಊರಿನ ಹೊರಗೆ ನೆಲದ ಮೇಲೆ ಕಟ್ಟುವುದು). ನನಗೆ ಇಷ್ಟವಾದ ಎರಡನ್ನು ಬಿಡಿಸಿ ಹೇಳುತ್ತೇನೆ.

ಸೈನಿಕನ ಹೆಸರು ಜಮ್ಮಾ ಪಡೆ. ಜಮ್ಮಾ ಅಂದರೆ ನಮ್ಮಲ್ಲಿ ಎಲ್ಲರಿಗೂ ಗೊತ್ತು, ಹೊರಗಿನವರಿಗೆ ಒಂದು ಸಾಲು: ಯುದ್ಧಕ್ಕೆ ಕರೆದಾಗ ಬರಬೇಕು ಅನ್ನುವ ಷರತ್ತಿನ ಮೇಲೆ, ಕಡಿಮೆ ಕಂದಾಯಕ್ಕೆ, ವಂಶಪಾರಂಪರ್ಯವಾಗಿ ಕೊಟ್ಟ ಭೂಮಿ. ಅಂದರೆ ಅರಸ ಸಂಬಳ ಕೊಟ್ಟು ಸೈನ್ಯ ಸಾಕುತ್ತಿರಲಿಲ್ಲ, ಭೂಮಿಯೇ ಸಾಕುತ್ತಿತ್ತು. ಇದು ಆಟದ ಭಾಷೆಗೆ ನೇರವಾಗಿ ಬರುತ್ತದೆ. ಪ್ರತಿ ಸರದಿಗೆ ಸೈನಿಕನಿಗೆ ಕೊಡುವ ಚಿನ್ನ ಸೊನ್ನೆ. ನಾನು ಇದನ್ನು ಆಟದ ಕೋವಿ ಸೈನಿಕ ಮಸ್ಕೆಟ್‌ಮ್ಯಾನ್ ಜಾಗಕ್ಕೆ ಹಾಕಿದೆ, ಕೋವಿ ಇಲ್ಲದ ಕೊಡಗು ಎಂಥ ಕೊಡಗು ಅಲ್ವಾ. ಬಲ 55 ಮೂಲದಲ್ಲಿ ಇದ್ದಷ್ಟೇ. ಜೊತೆಗೆ ಗುಡ್ಡ ಹತ್ತುವಾಗ ನಡಿಗೆ ಕಡಿಮೆಯಾಗಲ್ಲ. ಅಷ್ಟೇ, ಇನ್ನೇನೂ ಕೊಟ್ಟಿಲ್ಲ.

ಸುಧಾರಣೆ ಕಡಂಗ. ಕಾಡಿನಲ್ಲಿ, ತೋಟದ ಅಂಚಿನಲ್ಲಿ ಈಗಲೂ ಕಾಣುವ ಆ ಹಳೇ ಕಂದಕಗಳು, ಪಕ್ಕದಲ್ಲಿ ಮಣ್ಣಿನ ದಿಬ್ಬ. ನಾವು ಚಿಕ್ಕವರಿದ್ದಾಗ ಅದರೊಳಗೆ ಕಣ್ಣಾಮುಚ್ಚಾಲೆ ಆಡುತ್ತಿದ್ದೆವು, ನಾಡಿನ ಗಡಿ ಕಾಯುತ್ತಿದ್ದ ರಕ್ಷಣಾ ಸಾಲು ಅಂತ ಯಾರೂ ಹೇಳಿರಲಿಲ್ಲ. ಆಟದಲ್ಲಿ ಆಗಲೇ ಇರುವ ಫೋರ್ಟ್ ಅನ್ನುವ ಸುಧಾರಣೆಯ ಸಾಲನ್ನು ಕಾಪಿ ಮಾಡಿ ಬದಲಿಸಿದೆ. ಅದು ರಕ್ಷಣೆಗೆ 4 ಬಲ ಕೊಡುತ್ತದೆ, ಒಳಗೆ ನಿಂತವನಿಗೆ ತಕ್ಷಣ ಎರಡು ಸರದಿ ಬೀಡುಬಿಟ್ಟಷ್ಟು ಭದ್ರತೆಯೂ ಸಿಗುತ್ತದೆ. ಫೋರ್ಟ್ ಕಟ್ಟಲು ಮಿಲಿಟರಿ ಎಂಜಿನಿಯರ್ ಬೇಕು, ಕಡಂಗವನ್ನು ಸಾಮಾನ್ಯ ಬಿಲ್ಡರೇ ತೋಡುತ್ತಾನೆ, ಆದರೆ ಗುಡ್ಡದಲ್ಲಿ ಮಾತ್ರ.

ನಾಡಿನ ಗುಣ: ಗುಡ್ಡದ ಮೇಲೆ ನಿಂತು ಹೋರಾಡಿದರೆ ಹೆಚ್ಚು ಬಲ. ಎಷ್ಟು? ಇದನ್ನು ಲೆಕ್ಕ ಹಾಕಲೇಬೇಕು.

ಲೆಕ್ಕ

ಈ ಆಟದಲ್ಲಿ ಸಮಬಲದ ಇಬ್ಬರು ಹೊಡೆದಾಡಿದರೆ ಒಬ್ಬೊಬ್ಬರಿಗೂ ಸರಾಸರಿ 30 ಪೆಟ್ಟು ಬೀಳುತ್ತದೆ, ಜೀವ 100. ಬಲದ ವ್ಯತ್ಯಾಸ ಹೆಚ್ಚಾದಂತೆ ಪೆಟ್ಟು ಕೂಡುತ್ತಾ ಹೋಗಲ್ಲ, ಗುಣಿಸುತ್ತಾ ಹೋಗುತ್ತದೆ. 10 ವ್ಯತ್ಯಾಸವಿದ್ದರೆ ಸುಮಾರು ಒಂದೂವರೆ ಪಟ್ಟು, 17 ಇದ್ದರೆ ಹತ್ತಿರ ಹತ್ತಿರ ಎರಡು ಪಟ್ಟು.

ನಾನು ಮೊದಲು ನಾಡಿನ ಗುಣಕ್ಕೆ 10 ಇಟ್ಟಿದ್ದೆ. ಚೆನ್ನಾಗಿ ಕಾಣುವ ಸಂಖ್ಯೆ. ಈಗ ಕೂಡಿಸಿ. ಗುಡ್ಡಕ್ಕೆ ಆಟವೇ ಕೊಡುವ 3, ಕಡಂಗದ 4, ಬೀಡುಬಿಟ್ಟಿದ್ದಕ್ಕೆ 6, ನನ್ನ 10. ಒಟ್ಟು 23. ಮೇಲೆ ಹತ್ತಿ ಬಂದ ಎದುರಾಳಿ ಒಂದೇ ದಾಳಿಯಲ್ಲಿ 75ರಷ್ಟು ಜೀವ ಕಳೆದುಕೊಳ್ಳುತ್ತಿದ್ದ, ನಮ್ಮವನಿಗೆ ಬೀಳುತ್ತಿದ್ದುದು ಬರೀ 12. ಎರಡು ಸಂಜೆ ಖುಷಿಯಾಗಿ ಆಡಿದೆ, ಮೂರನೇ ಸಂಜೆ ಬೋರಾಯಿತು. ನಾನು ಏನೂ ಮಾಡಬೇಕಾಗಿಯೇ ಇರಲಿಲ್ಲ. 10ನ್ನು 4ಕ್ಕೆ ಇಳಿಸಿದೆ. ಈಗ ಒಟ್ಟು 17, ಎದುರಾಳಿಗೆ 59, ನಮ್ಮವನಿಗೆ 15. ಅವನು ಹಿಂದೆ ಸರಿದು ಫಿರಂಗಿ ತರಬಹುದು, ಯೋಚನೆ ಮಾಡಬಹುದು. ನಿಮ್ಮ ಸಂಖ್ಯೆ ಯಾವುದೇ ಇರಲಿ, ಅದು ಇನ್ನು ಯಾವುದರ ಮೇಲೆ ಬಂದು ಕೂರುತ್ತದೆ ಅಂತ ನೋಡಿಕೊಂಡೇ ಇಡಿ.

ಹೋಲಿಕೆಗೆ ವಿಯೆಟ್ನಾಂ ನೋಡಿ, 2021ರಲ್ಲಿ ಬಂದಿದ್ದು. ಕಾಡು, ಜೌಗಿನಲ್ಲಿ ಹೋರಾಡುವ ನಾಡು. ನಮ್ಮ ಯೋಚನೆಗೆ ತುಂಬಾ ಹತ್ತಿರ, ಅದಕ್ಕೇ ನಾನು ಕಾಡನ್ನು ಬಿಟ್ಟು ಗುಡ್ಡ ಹಿಡಿದೆ. ಅದರ ಫೈಲು ತೆರೆದು ಅವರು ಹೇಗೆ ಬರೆದಿದ್ದಾರೆ ಅಂತ ಓದಿದರೆ ಅರ್ಧ ಪಾಠ ಅಲ್ಲೇ ಆಗುತ್ತದೆ.

ಸಾಮಾನು

ಒಂದು ಟೆಕ್ಸ್ಟ್ ಎಡಿಟರ್ ಬೇಕು, ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಸಾಕು. ಡೇಟಾಬೇಸ್ ನೋಡಲು ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್, ಉಚಿತ. ಆಟ ಕೊಳ್ಳುವ ತಾಣ ಸ್ಟೀಮ್‌ನಲ್ಲಿ ಟೂಲ್ಸ್ ವಿಭಾಗದಲ್ಲಿ ಆಟದ ಡೆವಲಪ್‌ಮೆಂಟ್ ಟೂಲ್ಸ್ ಇದೆ, ಅದರೊಳಗೆ ಮಾಡ್ ಕಟ್ಟುವ ಮಾಡ್‌ಬಡ್ಡಿ ಬರುತ್ತದೆ. ಅದರ ಜೊತೆಗಿನ ಅಸೆಟ್ಸ್ ಡೌನ್‌ಲೋಡ್ ಬಹಳ ದೊಡ್ಡದು, ನಮ್ಮ ಕಡೆಯ ನೆಟ್‌ವರ್ಕ್‌ನಲ್ಲಿ ರಾತ್ರಿ ಹಾಕಿ ಮಲಗಿ. ನಾನು ಮಡಿಕೇರಿಯ ಗೆಳೆಯನ ಮನೆಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೆ.

ಆಟ ಇನ್‌ಸ್ಟಾಲ್ ಆದ ಫೋಲ್ಡರಿನಲ್ಲಿ ಬೇಸ್, ಅದರೊಳಗೆ ಅಸೆಟ್ಸ್, ಗೇಮ್‌ಪ್ಲೇ, ಡೇಟಾ ಅಂತ ಹೋಗಿ. ಸಿವಿಲೈಸೇಶನ್ಸ್, ಲೀಡರ್ಸ್, ಯೂನಿಟ್ಸ್, ಇಂಪ್ರೂವ್‌ಮೆಂಟ್ಸ್ ಅನ್ನುವ ಎಕ್ಸ್‌ಎಮ್‌ಎಲ್ ಫೈಲುಗಳು ಸಿಗುತ್ತವೆ. ಇವನ್ನು ಓದಿ, ಕಾಪಿ ಮಾಡಿ, ಆದರೆ ಅಲ್ಲೇ ತಿದ್ದಬೇಡಿ. ನಿಮ್ಮ ಕೆಲಸವೆಲ್ಲ ಡಾಕ್ಯುಮೆಂಟ್ಸ್, ಮೈ ಗೇಮ್ಸ್, ಆಟದ ಹೆಸರಿನ ಫೋಲ್ಡರ್, ಅದರೊಳಗಿನ ಮಾಡ್ಸ್ ಫೋಲ್ಡರಿನಲ್ಲಿ.

ಬರೆಯುವ ಕ್ರಮ

ಮೊದಲು ಮಾಡ್‌ಇನ್ಫೋ ಫೈಲು. ಇದು ಮಾಡ್‌ನ ಪಡಿತರ ಚೀಟಿ ಇದ್ದ ಹಾಗೆ. ಮಾಡ್‌ನ ಹೆಸರು, ಬೇರೆ ಯಾವ ಮಾಡ್‌ಗೂ ಇಲ್ಲದ ಒಂದು ಗುರುತಿನ ಸಂಖ್ಯೆ, ಯಾವ ಫೈಲನ್ನು ಯಾವಾಗ ಓದಬೇಕು ಅನ್ನುವುದು ಇದರಲ್ಲಿರುತ್ತದೆ. ಆಟಕ್ಕೆ ಎರಡು ಡೇಟಾಬೇಸ್ ಇವೆ, ಇದನ್ನು ತಲೆಯಲ್ಲಿ ಗಟ್ಟಿ ಮಾಡಿಕೊಳ್ಳಿ. ಒಂದು ಆಟ ಶುರುವಾಗುವ ಮುಂಚಿನ ಮೆನುವಿಗೆ, ಇನ್ನೊಂದು ಆಟದ ಒಳಗಿಗೆ. ಮಾಡ್‌ಇನ್ಫೋದಲ್ಲಿ ಮೊದಲನೆಯದಕ್ಕೆ ಫ್ರಂಟ್‌ಎಂಡ್ ಆಕ್ಷನ್ಸ್, ಎರಡನೆಯದಕ್ಕೆ ಇನ್‌ಗೇಮ್ ಆಕ್ಷನ್ಸ್. ಅಕ್ಷರಗಳ ಫೈಲನ್ನು (ಪರದೆಯ ಮೇಲೆ ಕಾಣುವ ಹೆಸರು, ವಿವರಣೆಗಳದ್ದು) ಎರಡು ಕಡೆಯೂ ಹಾಕಬೇಕು.

ಮೆನುವಿನಲ್ಲಿ ನಿಮ್ಮ ನಾಯಕ ಕಾಣಬೇಕಾದರೆ ಪ್ಲೇಯರ್ಸ್ ಟೇಬಲಿನಲ್ಲಿ ಒಂದು ಸಾಲು ಬೇಕು. ಅದರಲ್ಲಿ ಡೊಮೇನ್ ಅನ್ನುವ ಕಾಲಮ್ ಇದೆ. ಮೂಲ ಆಟಕ್ಕೆ ಒಂದು, ಅದರ ವಿಸ್ತರಣೆಗಳಾದ ರೈಸ್ ಅಂಡ್ ಫಾಲ್‌ಗೆ ಒಂದು, ಗ್ಯಾದರಿಂಗ್ ಸ್ಟಾರ್ಮ್‌ಗೆ ಒಂದು. ನಾನು ಮೂಲ ಆಟದ್ದು ಮಾತ್ರ ಹಾಕಿ ಗ್ಯಾದರಿಂಗ್ ಸ್ಟಾರ್ಮ್ ತೆರೆದು, ವೀರರಾಜೇಂದ್ರ ಎಲ್ಲಿ ಅಂತ ಮೂರು ದಿನ ಹುಡುಕಿದೆ. ನೀವು ಆಡುವ ಆವೃತ್ತಿಯದ್ದು ಹಾಕಿ, ಮೂರೂ ಬೇಕಾದರೆ ಮೂರು ಸಾಲು.

ಆಮೇಲೆ ಆಟದೊಳಗಿನ ಡೇಟಾ. ಟೈಪ್ಸ್ ಟೇಬಲಿನಿಂದ ಶುರು ಮಾಡಿ. ಹೊಸ ನಾಗರಿಕತೆ, ನಾಯಕ, ಗುಣ, ಸೈನಿಕ, ಸುಧಾರಣೆ, ಏನೇ ಹೊಸ ಹೆಸರು ತಂದರೂ ಮೊದಲು ಇಲ್ಲಿ ನೋಂದಾಯಿಸಬೇಕು. ಇಲ್ಲಿ ಇಲ್ಲದ ಹೆಸರನ್ನು ಮುಂದೆ ಎಲ್ಲಿ ಬಳಸಿದರೂ ಆಟ ಒಪ್ಪಲ್ಲ. ನಂತರ ಸಿವಿಲೈಸೇಶನ್ಸ್, ಲೀಡರ್ಸ್, ಇಬ್ಬರನ್ನೂ ಜೋಡಿಸುವ ಸಿವಿಲೈಸೇಶನ್ ಲೀಡರ್ಸ್. ರಾಜಧಾನಿಯ ಹೆಸರು ಈ ಜೋಡಿಸುವ ಟೇಬಲಿನಲ್ಲೇ ಬರುತ್ತದೆ. ನನಗೆ ಮಡಿಕೇರಿ.

ಊರಿನ ಪಟ್ಟಿ ಸಿಟಿ ನೇಮ್ಸ್‌ನಲ್ಲಿ. ಹಾಲೇರಿ, ವಿರಾಜಪೇಟೆ, ಭಾಗಮಂಡಲ, ಕಕ್ಕಬೆ, ನಾಪೋಕ್ಲು, ಸೋಮವಾರಪೇಟೆ, ಪೊನ್ನಂಪೇಟೆ, ಶನಿವಾರಸಂತೆ, ಅಮ್ಮತ್ತಿ, ಶ್ರೀಮಂಗಲ, ಹೀಗೆ ಇಪ್ಪತ್ತಾದರೂ ಇರಲಿ. ಆಟದಲ್ಲಿ ಕನ್ನಡ ಭಾಷೆಯ ಆಯ್ಕೆ ಇಲ್ಲ, ಹಾಗಾಗಿ ಅಕ್ಷರಗಳನ್ನು ಇಂಗ್ಲಿಷ್ ಭಾಷೆಯ ಗುರುತಿನ ಕೆಳಗೆ ಇಂಗ್ಲಿಷ್ ಲಿಪಿಯಲ್ಲಿ ಹಾಕಬೇಕು. ಬ್ರಿಟಿಷರು ಬರೆದ ಮರ್ಕೆರಾ ಬೇಡ, ಮಡಿಕೇರಿ ಅಂತಲೇ ಬರೆಯಿರಿ. ಅಕ್ಷರದ ಸಾಲು ಮರೆತರೆ ಪರದೆಯ ಮೇಲೆ ಊರಿನ ಹೆಸರಿನ ಬದಲು ಉದ್ದನೆಯ ಕೋಡ್ ಕಾಣುತ್ತದೆ, ಗಾಬರಿಯಾಗಬೇಡಿ.

ಶುರುವಿನ ಜಾಗಕ್ಕೆ ಸ್ಟಾರ್ಟ್ ಬಯಾಸ್ ಟೇಬಲುಗಳು. 1 ಅಂದರೆ ತುಂಬಾ ಗಟ್ಟಿ ಒಲವು, 5 ಅಂದರೆ ತೆಳು. ಗುಡ್ಡಕ್ಕೆ 2, ನದಿಗೆ 4 ಇಟ್ಟೆ. ಎಲ್ಲಕ್ಕೂ 1 ಇಟ್ಟರೆ ಯಾವುದಕ್ಕೂ ಒಲವಿಲ್ಲದ ಹಾಗೇ.

ಮಾಡಿಫೈಯರ್: ಇಲ್ಲಿ ನಿಧಾನವಾಗಿ ಓದಿ

ಟೇಬಲುಗಳಲ್ಲಿ ಕಷ್ಟದ್ದು ಇದೊಂದೇ. ಗುಣ ಅನ್ನುವುದು ಬರೀ ಹೆಸರು. ಕೆಲಸ ಮಾಡುವುದು ಅದಕ್ಕೆ ಕಟ್ಟಿದ ಮಾಡಿಫೈಯರ್. ಪ್ರತಿ ಮಾಡಿಫೈಯರ್‌ಗೂ ಮೂರು ಪ್ರಶ್ನೆ: ಯಾರಿಗೆ, ಏನು, ಯಾವಾಗ. "ನನ್ನ ಎಲ್ಲ ಸೈನಿಕರಿಗೆ, 4 ಬಲ, ಗುಡ್ಡದ ಮೇಲಿದ್ದಾಗ." ಯಾರಿಗೆ ಮತ್ತು ಏನು ಅನ್ನುವುದು ಮಾಡಿಫೈಯರ್‌ನ ಬಗೆಯಲ್ಲೇ ಇರುತ್ತದೆ, 4 ಅನ್ನುವ ಸಂಖ್ಯೆ ಆರ್ಗ್ಯುಮೆಂಟ್ಸ್ ಟೇಬಲಿನಲ್ಲಿ, ಯಾವಾಗ ಅನ್ನುವುದು ರಿಕ್ವೈರ್‌ಮೆಂಟ್ ಸೆಟ್ಟಿನಲ್ಲಿ.

ಈ ಸೆಟ್ಟಿನಲ್ಲಿ ಒಂದು ಬಲೆ ಇದೆ. ಷರತ್ತುಗಳೆಲ್ಲ ನಿಜವಾಗಬೇಕಾ, ಯಾವುದಾದರೂ ಒಂದು ಸಾಕಾ ಅಂತ ನೀವೇ ಹೇಳಬೇಕು. ಆಟದಲ್ಲಿ ಗುಡ್ಡ ಅಂದರೆ ಒಂದೇ ಬಗೆಯಲ್ಲ. ಹುಲ್ಲಿನ ಗುಡ್ಡ, ಬಯಲಿನ ಗುಡ್ಡ, ಮರಳಿನದ್ದು, ಚಳಿನಾಡಿನದ್ದು, ಹಿಮದ್ದು, ಐದು ಬಗೆ. ನಾನು ಮೊದಲ ಎರಡನ್ನು ಷರತ್ತಾಗಿ ಹಾಕಿ "ಎಲ್ಲ ನಿಜವಾಗಬೇಕು" ಅಂತ ಬಿಟ್ಟಿದ್ದೆ. ಒಂದೇ ಜಾಗ ಏಕಕಾಲಕ್ಕೆ ಹುಲ್ಲಿನ ಗುಡ್ಡವೂ ಬಯಲಿನ ಗುಡ್ಡವೂ ಆಗುವುದಾದರೂ ಹೇಗೆ? 4 ಬಲ ಯಾವತ್ತೂ ಬರಲಿಲ್ಲ. ಕಿರಿಕಿರಿ ಏನಂದ್ರೆ ಇದಕ್ಕೆ ಲಾಗ್‌ನಲ್ಲಿ (ಆಟ ದೋಷಗಳನ್ನು ಬರೆದಿಡುವ ಫೈಲು) ಒಂದು ದೋಷವೂ ಕಾಣಲ್ಲ, ಯಾಕಂದ್ರೆ ಬರೆದಿದ್ದು ವ್ಯಾಕರಣ ಪ್ರಕಾರ ಸರಿಯೇ ಇದೆ.

ಇನ್ನೊಂದು. ಹೋರಾಟದ ಬಲ ಕೊಡುವುದಿದ್ದರೆ ನೇರವಾಗಿ ಸೈನಿಕನಿಗೆ ಕಟ್ಟುವ ಬದಲು ಒಂದು ಎಬಿಲಿಟಿ (ಸೈನಿಕನಿಗೆ ಅಂಟಿಸುವ ಸಾಮರ್ಥ್ಯ) ಮಾಡಿ, ಅದರ ಮೂಲಕ ಕೊಡಿ. ಮಾಡಿಫೈಯರ್ ಸ್ಟ್ರಿಂಗ್ಸ್ ಟೇಬಲಿನಲ್ಲಿ ಮುನ್ನೋಟದ ಸಾಲನ್ನೂ ಸೇರಿಸಿ. ಆಗ ದಾಳಿಗೆ ಮುಂಚೆ ಕಾಣುವ ಚಿಕ್ಕ ಪಟ್ಟಿಯಲ್ಲಿ "ಗುಡ್ಡನಾಡು +4" ಅಂತ ಬರುತ್ತದೆ. ಇಲ್ಲದಿದ್ದರೆ ಬಲ ಬರುತ್ತಿದೆಯೋ ಇಲ್ಲವೋ ಅಂತ ಆಡುವವನಿಗೆ ಗೊತ್ತಾಗಲ್ಲ.

ಚಿತ್ರ, ಬಣ್ಣ

ಇಲ್ಲಿ ಬೇಗ ಮುಗಿಸುತ್ತೇನೆ, ನಾನು ಚಿತ್ರಗಾರನಲ್ಲ. ನಾಯಕನಿಗೆ ಮೂರು ಆಯಾಮದ ಮೂರ್ತಿ ಮಾಡಲು ಹೋಗಬೇಡಿ, ನಿಂತ ಚಿತ್ರ ಸಾಕು, ಎಷ್ಟೋ ಒಳ್ಳೆಯ ಮಾಡ್‌ಗಳು ಹಾಗೇ ಇವೆ. ಬಣ್ಣಕ್ಕೆ ಕೊಡವರ ಉಡುಪಾದ ಕುಪ್ಯದ ಕಪ್ಪು, ಅದರ ಸೊಂಟಪಟ್ಟಿ ಚೇಲೆಯ ಕೆಂಪು ಇಟ್ಟೆ. ನಕ್ಷೆಯ ಮೇಲೆ ಎರಡೂ ಸೇರಿ ಏನೂ ಕಾಣಲಿಲ್ಲ, ಕೆಂಪಿನ ಬದಲು ಚಿನ್ನದ ಬಣ್ಣ ಹಾಕಿದೆ. ಬದಲಿ ಬಣ್ಣದ ಜೋಡಿಗಳನ್ನೂ ತುಂಬಿ, ಪಕ್ಕದ ರಾಜ್ಯದ ಬಣ್ಣ ನಿಮ್ಮದಕ್ಕೆ ಹತ್ತಿರ ಬಂದರೆ ಆಟ ಅವನ್ನು ಬಳಸುತ್ತದೆ.

ಆದರೆ ಆರ್ಟ್‌ಡೆಫ್ ಮರೆಯಬೇಡಿ. ಹೊಸ ಸೈನಿಕ, ಹೊಸ ಸುಧಾರಣೆ ಹೇಗೆ ಕಾಣಬೇಕು ಅಂತ ಆಟಕ್ಕೆ ಹೇಳುವುದು ಅದೇ. ಮಾಡ್‌ಬಡ್ಡಿಯಲ್ಲಿ ಮಸ್ಕೆಟ್‌ಮ್ಯಾನ್ ರೂಪವನ್ನೇ ಜಮ್ಮಾ ಪಡೆಗೆ, ಫೋರ್ಟ್ ರೂಪವನ್ನೇ ಕಡಂಗಕ್ಕೆ ಎರವಲು ಕೊಡಿ. ಅದಿಲ್ಲದೆ ಮೊದಲ ಸಲ ಆಡಿದಾಗ ನನ್ನ ಸೈನಿಕ ಕಾಣಲೇ ಇಲ್ಲ, ಬರೀ ಒಂದು ಬಾವುಟ ಗುಡ್ಡ ಹತ್ತುತ್ತಿತ್ತು. ಪಕ್ಕದಲ್ಲಿ ಕೂತಿದ್ದ ತಮ್ಮ, "ಅಣ್ಣ, ಇದೇ ನಿಜವಾದ ಗೆರಿಲ್ಲಾ ಯುದ್ಧ" ಅಂದ.

ಕೆಟ್ಟರೆ ಎಲ್ಲಿ ನೋಡುವುದು

ಲಾಗ್ಸ್ ಫೋಲ್ಡರ್ ಹುಡುಕಿ. ಹಳೆಯ ಆವೃತ್ತಿಯಲ್ಲಿ ಮೈ ಗೇಮ್ಸ್ ಒಳಗೆ, ಹೊಸದರಲ್ಲಿ ಆಪ್‌ಡೇಟಾದ ಲೋಕಲ್ ಒಳಗಿನ ಫಿರಾಕ್ಸಿಸ್ ಗೇಮ್ಸ್‌ನಲ್ಲಿ. ಡೇಟಾಬೇಸ್ ಲಾಗ್, ಮಾಡಿಂಗ್ ಲಾಗ್ ಎರಡು ಸಾಕು. "ಇನ್ವ್ಯಾಲಿಡ್ ರೆಫರೆನ್ಸ್" ಅಂತ ಬಂದರೆ ಟೈಪ್ಸ್‌ನಲ್ಲಿ ಹೆಸರು ಇಲ್ಲ ಅಥವಾ ಕಾಗುಣಿತ ತಪ್ಪಿದೆ. "ಯುನೀಕ್ ಕನ್‌ಸ್ಟ್ರೇಂಟ್" ಅಂದರೆ ಅದೇ ಹೆಸರು ಎರಡು ಸಲ ಬಂದಿದೆ. ಲಾಗ್‌ನಲ್ಲಿ ಹತ್ತು ದೋಷವಿದ್ದರೆ ಮೊದಲನೆಯದನ್ನು ಮಾತ್ರ ಸರಿ ಮಾಡಿ ಮತ್ತೆ ಆಟ ತೆರೆಯಿರಿ, ಉಳಿದ ಒಂಬತ್ತು ಎಷ್ಟೋ ಸಲ ಅದರ ಮಕ್ಕಳೇ ಆಗಿರುತ್ತವೆ. ಲಾಗ್ ಖಾಲಿ ಇದ್ದೂ ಗುಣ ಬರುತ್ತಿಲ್ಲವೆಂದರೆ ಕ್ಯಾಶ್ ಫೋಲ್ಡರಿನ ಡಿಬಗ್ ಗೇಮ್‌ಪ್ಲೇ ಫೈಲನ್ನು ಡಿಬಿ ಬ್ರೌಸರಿನಲ್ಲಿ ತೆರೆದು ನಿಮ್ಮ ಸಾಲು ಅಲ್ಲಿ ಇದೆಯಾ ನೋಡಿ. ಇದ್ದರೆ ತಪ್ಪು ಷರತ್ತಿನಲ್ಲಿ, ಇಲ್ಲದಿದ್ದರೆ ಮಾಡ್‌ಇನ್ಫೋದಲ್ಲಿ.

ಪ್ರತಿ ಸಂಜೆ ಫೋಲ್ಡರಿನ ಒಂದು ಕಾಪಿ ತಾರೀಖು ಹಾಕಿ ಇಡಿ. ಜುಲೈ ತಿಂಗಳ ಒಂದು ರಾತ್ರಿ ಮರ ಬಿದ್ದು ಲೈನ್ ಹೋಯಿತು, ಲ್ಯಾಪ್‌ಟಾಪಿನ ಬ್ಯಾಟರಿ ಮೊದಲೇ ಸತ್ತಿತ್ತು, ಸೇವ್ ಆಗುತ್ತಿದ್ದ ಯೂನಿಟ್ಸ್ ಫೈಲು ಅರ್ಧಕ್ಕೆ ನಿಂತಿತು. ಮೂರು ದಿನದ ಕೆಲಸ ಹೋಯಿತು.

ಆಡಿ ನೋಡುವುದು, ಹಂಚುವುದು

ಮೊದಲು ಚಿಕ್ಕ ನಕ್ಷೆಯಲ್ಲಿ, ಇಬ್ಬರೇ ಆಟಗಾರರು, ಬೇಗ ಓಡುವ ವೇಗದಲ್ಲಿ ಆಡಿ. ಆಮೇಲೆ ಒಂದು ಪೂರ್ತಿ ಆಟ. ಮೂರನೆಯದು ತುಂಬಾ ಜನ ಬಿಟ್ಟುಬಿಡುವುದು: ನಿಮ್ಮ ನಾಡನ್ನು ಕಂಪ್ಯೂಟರಿಗೆ ಕೊಟ್ಟು ನೀವು ಎದುರಾಳಿಯಾಗಿ ಆಡಿ. ನನ್ನ ಕೊಡಗು ಕಂಪ್ಯೂಟರ್ ಕೈಯಲ್ಲಿ ಒಂದೂ ಕಡಂಗ ತೋಡಲಿಲ್ಲ, ಏಕೆಂದರೆ ಅದರಿಂದ ಊಟವೂ ಇಲ್ಲ, ಚಿನ್ನವೂ ಇಲ್ಲ. 1 ಉತ್ಪಾದನೆ ಸೇರಿಸಿದ ಮೇಲೆ ತೋಡತೊಡಗಿತು. ನಾಯಕನ ಅಜೆಂಡಾ (ಅವನಿಗೆ ಎಂಥವರು ಇಷ್ಟ, ಎಂಥವರು ಆಗಲ್ಲ ಅನ್ನುವುದು) ಕೂಡ ಆಗಲೇ ಗೊತ್ತಾಗುವುದು. ಮೊದಲ ಸಲಕ್ಕೆ ಆಟದಲ್ಲಿರುವ ಒಂದನ್ನೇ ಎರವಲು ತೆಗೆದುಕೊಳ್ಳಿ. ಟಿಪ್ಪು ಮಾಡ್ ಹಾಕಿಕೊಂಡವರನ್ನು ಕಂಡರೆ ಉರಿದುಬೀಳುವ ಅಜೆಂಡಾ ಬರೆಯಿರಿ ಅಂತ ಒಬ್ಬ ಸಲಹೆ ಕೊಟ್ಟ. ಮಾಡಲಿಲ್ಲ. ಆ ಜಗಳ ಹೊರಗೆ ಬೇಕಾದಷ್ಟಿದೆ, ಆಟದೊಳಗೂ ಯಾಕೆ.

ಮಾಡ್ ಹಂಚುವ ಜಾಗ ಸ್ಟೀಮ್ ವರ್ಕ್‌ಶಾಪಿಗೆ ಹಾಕುವಾಗ ವಿವರಣೆಯಲ್ಲಿ ನಾಲ್ಕು ಗುಣಗಳನ್ನೂ ಸಂಖ್ಯೆ ಸಮೇತ ಬರೆಯಿರಿ, ಯಾವ ವಿಸ್ತರಣೆ ಬೇಕು ಅಂತಲೂ ಹೇಳಿ. ಮಾಡ್‌ಇನ್ಫೋದಲ್ಲಿ ಸೇವ್ ಮೇಲೆ ಪರಿಣಾಮ ಬೀರುತ್ತದೆ ಅನ್ನುವ ಗುರುತು 1 ಆಗಿರಲಿ. ಹೊಸ ಆವೃತ್ತಿ ಹಾಕಿದರೆ ಹಳೇ ಸೇವ್ ತೆರೆಯದೇ ಹೋಗಬಹುದು, ಅದನ್ನು ಮೊದಲ ಸಾಲಿನಲ್ಲೇ ತಿಳಿಸಿ. ನಾನು ತಿಳಿಸಿರಲಿಲ್ಲ. ಕಡಂಗಕ್ಕೆ ಆ 1 ಉತ್ಪಾದನೆ ಸೇರಿಸಿ ಅಪ್‌ಡೇಟ್ ಮಾಡಿದ ರಾತ್ರಿಯೇ, 280ನೇ ಸರದಿಯಲ್ಲಿದ್ದ ಗೆಳೆಯ ಗೋಣಿಕೊಪ್ಪದಿಂದ ಫೋನ್ ಮಾಡಿ ಬೈದ.